ಕಂಪ್ರೆಸರ್ ಕೈಕೊಡುವ ಮುನ್ನ ಅಂಕಿಗಳಲ್ಲೇ ಹಿಡಿಯುವುದು ಹೇಗೆ: ಕೊಡಗಿನ ಕಾಫಿ ಕ್ಯೂರಿಂಗ್ ಘಟಕಗಳಿಗೆ ಸಮಗ್ರ ಮಾರ್ಗದರ್ಶಿ

ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶವಿರಲಿ, ತೋಟದ ಮಗ್ಗುಲಲ್ಲೇ ಕಾಫಿ ಸಿಪ್ಪೆ ಸುಲಿಯುವ ಸಣ್ಣ ಹಲ್ಲಿಂಗ್ ಘಟಕವಿರಲಿ, ಸೀಸನ್ನಿನಲ್ಲಿ ಕಂಪ್ರೆಸರ್ ನಿಂತರೆ, ಅದರ ಗಾಳಿಯಿಂದಲೇ ಕೆಟ್ಟ ಬೀಜ ಊದಿ ತೆಗೆಯುವ ಕಲರ್ ಸಾರ್ಟರ್ ನಿಂತಂತೆ. ಸಾರ್ಟರ್ ನಿಂತರೆ ಗೋದಾಮಿನಲ್ಲಿ ಪಾರ್ಚ್‌ಮೆಂಟ್ (ಒಣಸಿಪ್ಪೆ ಇನ್ನೂ ಇರುವ ಕಾಫಿ ಬೀಜ) ಚೀಲಗಳು ಏರುತ್ತಾ ಹೋಗುತ್ತವೆ. ಸರ್ವಿಸ್ ಇಂಜಿನಿಯರ್ ಮೈಸೂರಿನಿಂದ ಬರಬೇಕು, ಬಿಡಿಭಾಗ ಬೆಂಗಳೂರಿನಿಂದ. ಒಂದು ದಿನದ ಕೆಲಸಕ್ಕೆ ಮೂರು ದಿನ ಹಿಡಿಯುವುದು ಹೀಗೆ.

ಸ್ಕ್ರೂ ಕಂಪ್ರೆಸರ್ ಏಕಾಏಕಿ ಕೆಡುವುದು ಅಪರೂಪ. ಕೂಲರ್ ಕಟ್ಟಿಕೊಳ್ಳುವುದು, ಗಾಳಿಯಿಂದ ಆಯಿಲ್ ಬೇರ್ಪಡಿಸುವ ಸೆಪರೇಟರ್ ಮುಚ್ಚಿಕೊಳ್ಳುವುದು, ಆಯಿಲ್ ಸುಡುವುದು ಇವೆಲ್ಲ ವಾರಗಟ್ಟಲೆ ನಡೆಯುತ್ತವೆ. ಆದರೆ ಕಂಟ್ರೋಲರ್ ಬಾಯಿ ಬಿಡುವುದು ಡಿಸ್ಚಾರ್ಜ್ ತಾಪ (ಒತ್ತಿದ ಗಾಳಿ, ಆಯಿಲ್ ಹೊರಬರುವಾಗಿನ ಬಿಸಿ) 105 ಡಿಗ್ರಿ ತಲುಪಿದಾಗ. 110ರ ಸುಮಾರಿಗೆ ಟ್ರಿಪ್ ಮಾಡಿ, ಅಂದರೆ ಯಂತ್ರವನ್ನು ತಾನೇ ನಿಲ್ಲಿಸಿ, ಕೈ ತೊಳೆದುಕೊಳ್ಳುತ್ತದೆ. ಎಂದಿನ 88 ಡಿಗ್ರಿಗೂ ಆ 105ಕ್ಕೂ ನಡುವೆ ನಡೆಯುವುದನ್ನು ಓದುವುದೇ ಇಲ್ಲಿ ಹೇಳಹೊರಟಿರುವ ಕೆಲಸ. ಅದಕ್ಕೆ ಮೀಟರಿನ ಅಂಕಿಯೊಂದೇ ಸಾಲದು. ಇವತ್ತಿನ ಹವೆಗೆ, ಇವತ್ತಿನ ಲೋಡಿಗೆ ಆ ಅಂಕಿ ಎಷ್ಟಿರಬೇಕಿತ್ತು ಎಂಬುದು ಗೊತ್ತಿರಬೇಕು.

ಮುಂದಿನ ವಿವರಗಳು 15ರಿಂದ 37 ಕಿಲೋವ್ಯಾಟ್‌ನ, 7 ಬಾರ್ ಆಸುಪಾಸಿನಲ್ಲಿ ಓಡುವ ಆಯಿಲ್ ತುಂಬಿದ ಸ್ಕ್ರೂ ಯಂತ್ರಕ್ಕೆ ಹೊಂದುವಂಥವು. ಪಿಸ್ಟನ್ ಯಂತ್ರದ ಮಾತು ಹಂತ 7ರ ನಂತರ ಇದೆ. ನಿಮ್ಮ ಯಂತ್ರದ ಮ್ಯಾನುಯಲ್‌ನಲ್ಲಿ ಬೇರೆ ಮಿತಿ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಹಂತ 1: ಕೆಟ್ಟದ್ದರ ದಾಖಲೆ

ಸೆನ್ಸರ್ ಕೊಳ್ಳುವ ಮುಂಚೆ ಹಳೆಯ ಬಿಲ್ಲುಗಳನ್ನು ತೆಗೆಯಿರಿ. ಕಳೆದ ಮೂರ್ನಾಲ್ಕು ಸೀಸನ್ನುಗಳ ಸರ್ವಿಸ್ ರಿಪೋರ್ಟ್, ಬಿಡಿಭಾಗದ ಇನ್‌ವಾಯ್ಸ್, ಕಂಟ್ರೋಲರ್‌ನ ಟ್ರಿಪ್ ಹಿಸ್ಟರಿ ಎಲ್ಲವನ್ನೂ ಒಂದೇ ಎಕ್ಸೆಲ್ ಹಾಳೆಗೆ ಇಳಿಸಿ. ಕಾಲಮ್‌ಗಳು ಇವು: ದಿನಾಂಕ ಮತ್ತು ಸಮಯ, ಅವರ್ ಮೀಟರ್, ಟ್ರಿಪ್ ಸಂದೇಶ, ಕೆಟ್ಟ ಭಾಗ, ಆ ಭಾಗ ಹಾಕಿದ ಮೇಲೆ ಓಡಿದ ಗಂಟೆ, ಯಂತ್ರ ನಿಂತ ಗಂಟೆ, ಫಿಟ್ಟರ್ ಹೇಳಿದ ಕಾರಣ, ಬಿಚ್ಚಿ ನೋಡಿದಾಗ ಕಂಡದ್ದು.

ಕೊನೆಯ ಎರಡು ಕಾಲಮ್‌ಗಳನ್ನು ಒಂದು ಮಾಡಬೇಡಿ. ‘ಓವರ್‌ಹೀಟ್ ಆಗಿತ್ತು, ಆಯಿಲ್ ಚೇಂಜ್ ಮಾಡಿದೆ’ ಎನ್ನುವುದು ಹೇಳಿದ ಕಾರಣ. ಕೂಲರ್‌ನ ಒಳಮುಖದಲ್ಲಿ ಆಯಿಲಿಗೆ ಅಂಟಿ ಪದರಗಟ್ಟಿದ ಪಾರ್ಚ್‌ಮೆಂಟ್ ಹೊಟ್ಟು ಕಂಡದ್ದು. ಮೊದಲನೆಯದನ್ನು ನಂಬಿಕೊಂಡರೆ ಆಯಿಲಿಗೆ ಹಣ ಸುರಿಯುತ್ತೀರಿ, ಎರಡನೆಯದರಿಂದ ಕಂಪ್ರೆಸರ್ ರೂಮಿನ ಗಾಳಿಕಿಂಡಿ ಸಿಪ್ಪೆ ಸುಲಿಯುವ ಪೀಲರ್ ಕಡೆಗೆ ಮುಖಮಾಡಿದೆ ಎಂಬುದು ತಿಳಿಯುತ್ತದೆ. ಬಿಚ್ಚಿದ ಭಾಗದ ಫೋಟೊ ತೆಗೆದು ಹಾಳೆಯ ಸಾಲಿನ ನಂಬರನ್ನೇ ಅದಕ್ಕೆ ಹೆಸರಾಗಿ ಇಡಿ.

ಹಾಳೆ ತುಂಬಿದ ಮೇಲೆ ನಿಂತ ಗಂಟೆಗಳನ್ನು ಕಾರಣವಾರು ಕೂಡಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಎಷ್ಟು ಸಲ ಕೆಟ್ಟಿತು ಎಂಬ ಎಣಿಕೆ ಬೇರೆ, ಎಷ್ಟು ಹೊತ್ತು ನಿಂತಿತು ಎಂಬ ಲೆಕ್ಕ ಬೇರೆ. ಕರೆಂಟ್ ಏರಿಳಿತದ ಟ್ರಿಪ್ ಹತ್ತಾರು ಸಲ ಆಗಿರಬಹುದು, ರೀಸೆಟ್ ಒತ್ತಿದರೆ ಮುಗಿಯಿತು. ಗಾಳಿ ಒತ್ತುವ ಸ್ಕ್ರೂಗಳಿರುವ ಏರ್‌ಎಂಡ್‌ನ ಬೇರಿಂಗ್ ಒಮ್ಮೆ ಹೋದರೆ ಸೀಸನ್ನೇ ಹೋದಂತೆ. ಎರಡೂ ಪಟ್ಟಿ ಮಾಡಿ, ಆದರೆ ಹಣ ಖರ್ಚು ಮಾಡುವಾಗ ಎರಡನೆಯ ಪಟ್ಟಿಯನ್ನು ಮುಂದಿಟ್ಟುಕೊಳ್ಳಿ.

ಹಂತ 2: ಯಾವ ಅಂಕಿ, ಎಲ್ಲಿಂದ

ಲಾಗ್ ಬುಕ್ಕಿನಲ್ಲಿ ‘ಓಕೆ’ ಎಂದು ಬರೆದ ಸಾಲಿನಿಂದ ಯಾವ ಪ್ರಯೋಜನವೂ ಇಲ್ಲ. ಅಂಕಿಯೇ ಬೇಕು. ಕೈಬರಹದಲ್ಲೇ ಶುರು ಮಾಡಬಹುದು, ತಪ್ಪೇನಿಲ್ಲ. ಆದರೆ ಯಾವ ಹೊತ್ತಿನಲ್ಲಿ ಬರೆಯುತ್ತೀರಿ ಎಂಬುದು ಇಲ್ಲಿ ಬಹಳ ಮುಖ್ಯ. ಹೆಚ್ಚಿನ ಕಡೆ ಬೆಳಿಗ್ಗೆ ಶಿಫ್ಟ್ ಶುರುವಾದಾಗ ಒಮ್ಮೆ ಬರೆದು ಪುಸ್ತಕ ಮುಚ್ಚುತ್ತಾರೆ. ಜನವರಿಯ ಬೆಳಿಗ್ಗೆ ಮಂಜು ಬಿದ್ದಿರುತ್ತದೆ, ಹೊರಗಾಳಿ 14–15 ಡಿಗ್ರಿ. ಅಷ್ಟು ತಣ್ಣಗಿರುವಾಗ ಥರ್ಮೋಸ್ಟಾಟಿಕ್ ವಾಲ್ವ್ ಆಯಿಲಿನ ಬಹುಪಾಲನ್ನು ಕೂಲರ್‌ಗೆ ಕಳಿಸದೆ ಬೈಪಾಸ್‌ನಲ್ಲೇ ತಿರುಗಿಸುತ್ತದೆ. ಕೂಲರ್ ಅರ್ಧ ಕಟ್ಟಿದ್ದರೂ ಡಿಸ್ಚಾರ್ಜ್ ತಾಪ ಎಂದಿನಂತೆಯೇ ಇರುತ್ತದೆ. ಕೂಲರ್‌ನ ನಿಜಸ್ಥಿತಿ ಕಾಣುವುದು ಮಧ್ಯಾಹ್ನ 2ರಿಂದ 4ರ ನಡುವೆ, ಯಂತ್ರ ಅರ್ಧ ಗಂಟೆಯಾದರೂ ಲೋಡಿನಲ್ಲಿ, ಅಂದರೆ ಗಾಳಿ ಒತ್ತುತ್ತಾ, ಓಡಿದ ಮೇಲೆ. ದಿನಕ್ಕೆ ಒಂದೇ ಸಲ ಬರೆಯುವುದಾದರೆ ಆಗ ಬರೆಯಿರಿ.

ಬರೆಯಬೇಕಾದದ್ದು: ಏರ್‌ಎಂಡ್ ಡಿಸ್ಚಾರ್ಜ್ ತಾಪ, ಕೂಲರ್ ಗಾಳಿ ಎಳೆಯುವ ಜಾಗದ ತಾಪ, ಸಂಪ್ (ಆಯಿಲ್ ತೊಟ್ಟಿ) ಒತ್ತಡ ಮತ್ತು ಸೆಪರೇಟರ್ ನಂತರದ ಒತ್ತಡ, ಎರಡೂ ಬೇರೆ ಬೇರೆ, ಮೂರೂ ಫೇಸಿನ ಕರೆಂಟ್ ಮತ್ತು ವೋಲ್ಟೇಜ್, ಒಟ್ಟು ಗಂಟೆ ಮತ್ತು ಲೋಡ್ ಗಂಟೆ, ಹಾಕಿದ ಆಯಿಲ್ ಎಷ್ಟು ಮಿಲಿಲೀಟರ್, ಗಾಳಿ ಒಣಗಿಸುವ ಡ್ರೈಯರ್‌ನ ಡ್ಯೂ ಪಾಯಿಂಟ್ (ನೀರಾವಿ ನೀರಾಗತೊಡಗುವ ತಾಪ). ಹೊರಗಾಳಿಯ ಥರ್ಮಾಮೀಟರನ್ನು ಬಿಸಿಲು ಬೀಳುವ ಗೋಡೆಗೆ ನೇತುಹಾಕಬೇಡಿ. ಕೂಲರ್ ಎಳೆಯುವ ಗಾಳಿ ಎಷ್ಟು ಬಿಸಿ ಎಂಬುದು ಬೇಕಾಗಿರುವುದರಿಂದ ಅದರ ಜಾಗ ಇನ್‌ಟೇಕ್ ಜಾಲರಿಯ ಮುಂದೆ.

ಕಂಟ್ರೋಲರ್‌ಗೆ ಆರ್‌ಎಸ್ 485 ಎಂಬ ಡೇಟಾ ಪೋರ್ಟ್ ಇದ್ದರೆ ಈ ಪಟ್ಟಿಯ ಮುಕ್ಕಾಲು ಪಾಲು ಮಾಡ್‌ಬಸ್ ಎಂಬ ಸಂವಹನ ಪದ್ಧತಿಯ ಮೂಲಕ ತಾನಾಗಿ ಬರುತ್ತದೆ. ಒಂದು ಸಣ್ಣ ಗೇಟ್‌ವೇ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಸಾಕು. ಜೋಡಿಸುವಾಗ ಗಮನವಿಡಬೇಕಾದ ಕಡೆಗಳು ಕೆಲವಿವೆ. ಶೀಲ್ಡ್ ಇರುವ ಹೊಸೆದ ಜೋಡಿ ತಂತಿಯನ್ನೇ ಬಳಸಿ, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ, ಮೋಟಾರ್ ಕೇಬಲ್ ಹೋಗುವ ಟ್ರೇನಲ್ಲಿ ಇದನ್ನು ಎಳೆಯಬೇಡಿ. ರಿಜಿಸ್ಟರ್ (ಕಂಟ್ರೋಲರ್ ಒಳಗೆ ಅಂಕಿ ಇರುವ ಮನೆ) ಓದುವ ಆಜ್ಞೆಯನ್ನಷ್ಟೇ ಕೊಡಿ. ಬರೆಯುವ ಆಜ್ಞೆ ತಪ್ಪಿ ಹೋದರೆ ಒತ್ತಡದ ಸೆಟ್ಟಿಂಗೇ ಬದಲಾದೀತು. ಮ್ಯಾನುಯಲ್‌ನ ರಿಜಿಸ್ಟರ್ ನಂಬರಿಗೂ ನಿಜವಾಗಿ ಓದಬೇಕಾದ ನಂಬರಿಗೂ ಒಂದರ ವ್ಯತ್ಯಾಸ ಇರುವುದು ಸಾಮಾನ್ಯ, 88.5 ಡಿಗ್ರಿ ಎಂಬುದು 885 ಎಂದು ಬರುವುದೂ ಸಾಮಾನ್ಯ. ಪರದೆಯ ಅಂಕಿಯೊಂದಿಗೆ ತಾಳೆ ನೋಡಿಯೇ ಮುಂದೆ ಹೋಗಿ.

ಒತ್ತಡಕ್ಕೆ ಹೊರಗಿನಿಂದ ಟ್ರಾನ್ಸ್‌ಮಿಟರ್ ಹಾಕುವುದಾದರೆ 0–16 ಬಾರ್, 4–20 ಮಿಲಿಆಂಪ್‌ನದು ತೆಗೆದುಕೊಳ್ಳಿ. 4ಕ್ಕೆ ಸೊನ್ನೆ, ಅಲ್ಲಿಂದ ಮೇಲೆ ಒಂದು ಮಿಲಿಆಂಪ್‌ಗೆ ಒಂದು ಬಾರ್, ಲೆಕ್ಕ ಬಾಯಲ್ಲೇ ಮಾಡಬಹುದು. 3.6ಕ್ಕಿಂತ ಕೆಳಗೆ ಬಂದರೆ ತಂತಿ ತುಂಡಾಗಿದೆ ಎಂದರ್ಥ, ಅದನ್ನು ಸೊನ್ನೆ ಒತ್ತಡ ಎಂದು ದಾಖಲಿಸಬೇಡಿ.

ಎಷ್ಟು ಹೊತ್ತಿಗೊಮ್ಮೆ? ತಾಪಕ್ಕೆ ನಿಮಿಷಕ್ಕೊಂದು, ಕರೆಂಟಿಗೆ 10 ಸೆಕೆಂಡಿಗೊಂದು, ಒತ್ತಡಕ್ಕೆ 1–2 ಸೆಕೆಂಡಿಗೊಂದು. ಗಂಟೆಯ ಸರಾಸರಿ ಮಾತ್ರ ಉಳಿಸಿದರೆ ಏರಿಳಿತವೆಲ್ಲ ಮಾಯವಾಗುತ್ತದೆ. ಸರಾಸರಿಯ ಜೊತೆಗೆ ಕನಿಷ್ಠ, ಗರಿಷ್ಠ ಎರಡನ್ನೂ ಉಳಿಸಿ.

ಮತ್ತೆರಡು ಸಣ್ಣ ಖರ್ಚು ತಪ್ಪಿಸಬೇಡಿ. ಲಾಗರ್‌ಗೆ ಪುಟ್ಟ ಯುಪಿಎಸ್ ಬೇಕು. ಕರೆಂಟ್ ಹೋದಾಗ ಲಾಗರೂ ಆರಿದರೆ, ಯಂತ್ರ ನಿಲ್ಲುವ ಮುಂಚಿನ ಕೊನೆಯ ಹತ್ತು ನಿಮಿಷ, ಅಂದರೆ ಅತ್ಯಂತ ಬೆಲೆಬಾಳುವ ಡೇಟಾ, ಕೈಬಿಟ್ಟು ಹೋಗುತ್ತದೆ. ಇನ್ನೊಂದು ಡಿಎಸ್ 3231 ಗಡಿಯಾರದ ಚಿಪ್. ನೆಟ್‌ವರ್ಕ್ ಬಂದು ಹೋಗುವ ಜಾಗದಲ್ಲಿ ಪೈ ತನ್ನ ಸಮಯ ಮರೆತು ಎಚ್ಚರಾಗುತ್ತದೆ, ಹಳೆಯ ದಿನಾಂಕದಲ್ಲಿ ಡೇಟಾ ತುಂಬುತ್ತದೆ.

ಹಂತ 3: ಜರಡಿ ಹಿಡಿಯುವುದು

ಬಂದ ಡೇಟಾ ಹಾಗೆಯೇ ಗ್ರಾಫಿಗೆ ಹೋಗಬಾರದು. ಸ್ಟಾರ್ಟ್ ಆದ ಮೊದಲ 20 ನಿಮಿಷ ತೆಗೆದುಹಾಕಿ. ಲೋಡಿನಲ್ಲಿದ್ದ ಹೊತ್ತು, ಅನ್‌ಲೋಡಿನಲ್ಲಿ, ಅಂದರೆ ಗಾಳಿ ಒತ್ತದೆ ಸುಮ್ಮನೆ ತಿರುಗುತ್ತಾ ಇದ್ದ ಹೊತ್ತು ಬೇರೆ ಬೇರೆ ಮಾಡಿ. ಎರಡನ್ನೂ ಬೆರೆಸಿದ ಸರಾಸರಿ ಕರೆಂಟ್ ಯಂತ್ರದ ಆರೋಗ್ಯ ಹೇಳುವುದಿಲ್ಲ, ಸಾರ್ಟರ್ ಎಷ್ಟು ಗಾಳಿ ತಿಂದಿತು ಎಂಬುದನ್ನು ಹೇಳುತ್ತದೆ. ಗಂಟೆಗಟ್ಟಲೆ ದಶಮಾಂಶವೂ ಕದಲದ ಅಂಕಿ ಬಂದರೆ ಸೆನ್ಸರ್ ಸತ್ತಿದೆ. ಒಂದು ನಿಮಿಷದಲ್ಲಿ 10 ಡಿಗ್ರಿಗಿಂತ ಹೆಚ್ಚು ಹಾರಿ ಮರುನಿಮಿಷ ಹಿಂದಿರುಗಿದರೆ ಮೊದಲು ಕನೆಕ್ಟರ್ ಅಲುಗಾಡುತ್ತಿದೆಯೇ ನೋಡಿ. ಫಿಲ್ಟರ್ ಬದಲಿಸಿದ್ದು, ಕೂಲರ್ ಊದಿದ್ದು, ಆಯಿಲ್ ಹಾಕಿದ್ದು ಎಲ್ಲಕ್ಕೂ ಗ್ರಾಫಿನಲ್ಲಿ ಒಂದು ಗುರುತಿರಲಿ.

ಹಂತ 4: ಇವತ್ತು ಎಷ್ಟಿರಬೇಕಿತ್ತು?

ಯಂತ್ರ ಪೂರ್ತಿ ಸರ್ವಿಸ್ ಆದ ಕೂಡಲೇ, ಎರಡು-ಮೂರು ವಾರದ ಡೇಟಾ ಹಿಡಿಯಿರಿ. ಹೊರಗಾಳಿ 22 ಡಿಗ್ರಿಗಿಂತ ಮೇಲಿದ್ದ, ಲೋಡಿನಲ್ಲಿದ್ದ ಸಾಲುಗಳನ್ನಷ್ಟೇ ಆರಿಸಿ. ಅದಕ್ಕಿಂತ ತಣ್ಣಗಿದ್ದಾಗ ಥರ್ಮೋಸ್ಟಾಟಿಕ್ ವಾಲ್ವ್ ಲೆಕ್ಕವನ್ನು ಕೆಡಿಸುತ್ತದೆ. ನಿಮ್ಮ ವಾಲ್ವಿನ ಗಡಿ ಬೇರೆ ಇದ್ದೀತು. ತಣ್ಣಗಿನ ಸಾಲುಗಳನ್ನೂ ಸೇರಿಸಿ, ಹೊರಗಾಳಿ ಅಡ್ಡಕ್ಕೆ, ಡಿಸ್ಚಾರ್ಜ್ ಉದ್ದಕ್ಕೆ ಇಟ್ಟು ಚುಕ್ಕೆ ಹಾಕಿದರೆ ಚಪ್ಪಟೆಯಾಗಿದ್ದ ಗೆರೆ ಎಲ್ಲಿ ಏರತೊಡಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಏರುವ ಭಾಗಕ್ಕೆ ಎಕ್ಸೆಲ್‌ನ ಸ್ಲೋಪ್ ಮತ್ತು ಇಂಟರ್‌ಸೆಪ್ಟ್ ಫಂಕ್ಷನ್ ಹಾಕಿ. ಉದಾಹರಣೆಗೆ ಹೀಗೆ ಬಂತು ಎನ್ನಿ:

ಇರಬೇಕಾದ ತಾಪ = 62 + 0.95 × ಹೊರಗಾಳಿಯ ತಾಪ

ಹೊರಗೆ 28 ಡಿಗ್ರಿ ಇದ್ದರೆ 88.6 ಇರಬೇಕು. ಯಂತ್ರ 92 ತೋರಿಸುತ್ತಿದ್ದರೆ ಉಳಿಕೆ, ಅಂದರೆ ಇರುವುದಕ್ಕೂ ಇರಬೇಕಾದದ್ದಕ್ಕೂ ಅಂತರ, 3.4. ಟ್ರಿಪ್ ಮಿತಿ ಇನ್ನೂ 18 ಡಿಗ್ರಿ ದೂರ ಇದೆಯೆಂದು ಆಪರೇಟರ್ ನಿಶ್ಚಿಂತೆಯಿಂದ ಇರುತ್ತಾನೆ. ಏಪ್ರಿಲ್‌ನಲ್ಲಿ ಕಂಪ್ರೆಸರ್ ರೂಮಿನ ಒಳಗೆ 38 ಡಿಗ್ರಿ ಆದಾಗ ಲೆಕ್ಕದ ತಾಪ ತಾನಾಗಿಯೇ 98 ಆಗುತ್ತದೆ, ಉಳಿಕೆ ಅಷ್ಟರಲ್ಲಿ 8 ದಾಟಿದ್ದರೆ 106: ಎಚ್ಚರಿಕೆಯ 105 ದಾಟಿತು, ಟ್ರಿಪ್‌ಗೆ ಇನ್ನು ನಾಲ್ಕೇ ಡಿಗ್ರಿ. ಬೇಸಿಗೆಯ ಓವರ್‌ಹೀಟ್ ಟ್ರಿಪ್ ಹುಟ್ಟುವುದು ಹೀಗೆ, ಜನವರಿಯಲ್ಲೇ.

ಇದೇ ರೀತಿ ಲೋಡ್ ಕರೆಂಟಿಗೂ ಬೇಸ್‌ಲೈನ್ (ಇರಬೇಕಾದ ಅಂಕಿಯ ಸೂತ್ರ) ಮಾಡಿ. ಅಲ್ಲಿ ಹೊರಗಾಳಿಯ ಬದಲು ಸಂಪ್ ಒತ್ತಡ ಮತ್ತು ವೋಲ್ಟೇಜ್ ಬರುತ್ತವೆ. ಒತ್ತಡ ಒಂದು ಬಾರ್ ಏರಿದರೆ ಪವರ್ ಸುಮಾರು 6–7 ಪ್ರತಿಶತ ಏರುತ್ತದೆ. ಯಾರೋ ಕಟ್-ಆಫ್ ಒತ್ತಡ ತಿರುಗಿಸಿಟ್ಟಿದ್ದಕ್ಕೆ ಮೋಟಾರ್ ಕೆಟ್ಟಿದೆ ಎಂದು ತಿಳಿಯುವ ಪ್ರಮಾದ ಇದರಿಂದ ತಪ್ಪುತ್ತದೆ.

ಹಂತ 5: ಎಚ್ಚರಿಕೆಯ ಗೆರೆ

ಒಳ್ಳೆಯ ಸ್ಥಿತಿಯಲ್ಲಿದ್ದಾಗಿನ ದಿನದ ಉಳಿಕೆಗಳ ಸ್ಟ್ಯಾಂಡರ್ಡ್ ಡೀವಿಯೇಷನ್ (ಸಿಗ್ಮಾ, ಅಂಕಿಗಳು ಎಷ್ಟು ಹರಡಿವೆ ಎಂಬ ಅಳತೆ) ತೆಗೆಯಿರಿ. ಅದು 1.5 ಡಿಗ್ರಿ ಬಂತು ಎಂದಿಟ್ಟುಕೊಳ್ಳಿ. ಒಂದೇ ದಿನದ ಉಳಿಕೆಗೆ ಮೂರು ಪಟ್ಟು, ಅಂದರೆ 4.5ರ ಗೆರೆ ಎಳೆಯುವುದು ರೂಢಿ. ಹಠಾತ್ ತೊಂದರೆಗೆ ಅದು ಸರಿ. ನಿಧಾನಕ್ಕೆ ಏರುವ ದೋಷ ಅದರ ಕೆಳಗೆ ನುಸುಳಿಕೊಂಡು ಹೋಗುತ್ತದೆ. ಅದಕ್ಕೆ ತೂಕದ ಚಲಿಸುವ ಸರಾಸರಿ ಬೇಕು:

ಇಂದಿನ ಸರಾಸರಿ = 0.2 × ಇಂದಿನ ಉಳಿಕೆ + 0.8 × ನಿನ್ನೆಯ ಸರಾಸರಿ

0.2ರ ತೂಕಕ್ಕೆ ಮೂರು ಸಿಗ್ಮಾದ ಮಿತಿ ಲೆಕ್ಕ ಹಾಕಿದರೆ ಸರಿಯಾಗಿ ಒಂದು ಸಿಗ್ಮಾ ಬರುತ್ತದೆ, ಇಲ್ಲಿ 1.5. ಸರಾಸರಿಯನ್ನು ಸೊನ್ನೆಯಿಂದ ಶುರು ಮಾಡಿ, ಐದು ದಿನದ ಉಳಿಕೆ 1.0, 1.8, 2.2, 2.6, 3.4 ಎಂದು ಬಂದರೆ ಸರಾಸರಿ 0.20, 0.52, 0.86, 1.20, 1.64 ಆಗುತ್ತದೆ. ಐದನೆಯ ದಿನ ಗೆರೆ ದಾಟಿತು. ಬಿಡಿ ಉಳಿಕೆಗಳಲ್ಲಿ ಒಂದೂ 4.5ರ ಹತ್ತಿರವೂ ಬಂದಿಲ್ಲ ಎಂಬುದನ್ನು ಗಮನಿಸಿ.

ಗೆರೆ ದಾಟಿದ ಕೂಡಲೇ ಯಂತ್ರ ನಿಲ್ಲಿಸಬೇಕಿಲ್ಲ. ಎರಡು ದಿನ ಸತತ ದಾಟಿದರೆ ಸಂಜೆ ಶಿಫ್ಟ್ ಮುಗಿದ ಮೇಲೆ ಪರಿಶೀಲನೆ, ಬಿಡಿ ಉಳಿಕೆ 4.5 ದಾಟಿದರೆ ಅಂದೇ ಎಂದು ನಿಯಮ ಮಾಡಿಕೊಳ್ಳಿ. ದಿನಕ್ಕೆರಡು ಸುಳ್ಳು ಎಚ್ಚರಿಕೆ ಕೊಡುವ ವ್ಯವಸ್ಥೆಯ ಮೆಸೇಜನ್ನು ಮೂರನೆಯ ವಾರದಿಂದ ಯಾರೂ ತೆರೆದು ನೋಡುವುದಿಲ್ಲ.

ಮಷಿನ್ ಲರ್ನಿಂಗ್, ನ್ಯೂರಲ್ ನೆಟ್‌ವರ್ಕ್ ಎಂದು ಮಾರಲು ಬರುವವರ ಬಗ್ಗೆ ಒಂದು ಮಾತು: ನಿಮ್ಮಲ್ಲಿ ಇರುವುದು ಒಂದೋ ಎರಡೋ ಯಂತ್ರ, ವರ್ಷಕ್ಕೆ ನಾಲ್ಕೈದು ವೈಫಲ್ಯ. ಅಷ್ಟು ಕಡಿಮೆ ಉದಾಹರಣೆಯಿಂದ ಅಂಥ ಮಾದರಿ ಏನನ್ನೂ ಕಲಿಯಲಾರದು. ಮೇಲಿನ ಎರಡು ಸೂತ್ರ ಈ ಗಾತ್ರದ ಘಟಕಕ್ಕೆ ಧಾರಾಳ.

ಹಂತ 6: ಗೆರೆ ದಾಟಿತು, ಕಾರಣ ಯಾವುದು?

ಒಂದೇ ಅಂಕಿಯಿಂದ ಕಾರಣ ಹೇಳಲಾಗದು. ಎರಡು ಮೂರನ್ನು ಒಟ್ಟಿಗಿಟ್ಟು ನೋಡಬೇಕು.

ಡಿಸ್ಚಾರ್ಜ್ ತಾಪ ಏರಿದೆ, ಕರೆಂಟ್ ಎಂದಿನಂತಿದೆ ಎನ್ನಿ. ಆಯಿಲ್ ಕೂಲರ್‌ನ ಒಳಬದಿ ಮತ್ತು ಹೊರಬದಿಯ ಪೈಪಿನ ತಾಪ ಅಳೆಯಿರಿ. ಹೊಳೆಯುವ ಪೈಪಿನ ಮೇಲೆ ಇನ್‌ಫ್ರಾರೆಡ್ ಗನ್ ತಪ್ಪು ತೋರಿಸುತ್ತದೆ, ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ ಅದರ ಮೇಲೆ ಹಿಡಿಯಿರಿ. ಹೊರಬರುವ ಆಯಿಲೂ ಬಿಸಿಯಾಗಿಯೇ ಇದ್ದು ಎರಡರ ನಡುವಿನ ಅಂತರ ಕಡಿಮೆಯಾಗಿದ್ದರೆ ಕೂಲರ್ ಕಟ್ಟಿದೆ ಅಥವಾ ಫ್ಯಾನ್ ಸರಿಯಿಲ್ಲ. ಅಂತರ ಮೊದಲಿಗಿಂತ ದೊಡ್ಡದಾಗಿದ್ದರೆ ಕೂಲರ್ ತನ್ನ ಕೆಲಸ ಮಾಡುತ್ತಿದೆ, ಆಯಿಲೇ ಸಾಕಷ್ಟು ಹರಿಯುತ್ತಿಲ್ಲ: ಆಯಿಲ್ ಮಟ್ಟ, ಆಯಿಲ್ ಫಿಲ್ಟರ್ ನೋಡಿ. ಡಿಸ್ಚಾರ್ಜ್ ಕುದಿಯುತ್ತಿದ್ದು ಕೂಲರ್ ಪೈಪು ತಣ್ಣಗಿದ್ದರೆ ಥರ್ಮೋಸ್ಟಾಟಿಕ್ ವಾಲ್ವ್ ಬೈಪಾಸ್‌ನಲ್ಲಿ ಸಿಕ್ಕಿಕೊಂಡಿದೆ.

ಕ್ಯೂರಿಂಗ್ ಘಟಕಗಳಲ್ಲಿ ಹೆಚ್ಚಾಗಿ ಎದುರಾಗುವುದು ಮೊದಲನೆಯದೇ. ಪೀಲರ್‌ನಿಂದ ಹಾರುವ ಹೊಟ್ಟು ಹಗುರ, ಕಂಪ್ರೆಸರ್ ಫ್ಯಾನಿನ ಎಳೆತಕ್ಕೆ ನೇರ ಬಂದು ಕೂರುತ್ತದೆ. ಕೂಲರ್ ಮೇಲೆ ಸ್ವಲ್ಪ ಆಯಿಲ್ ಜಿನುಗಿದ್ದರಂತೂ ಅದು ಹೆಂಟೆಗಟ್ಟುತ್ತದೆ. ಗಾಳಿ ಹರಿಯುವ ದಿಕ್ಕಿಗೆ ಎದುರಿನಿಂದ, 2 ಬಾರ್‌ಗಿಂತ ಕಡಿಮೆ ಒತ್ತಡದಲ್ಲಿ ಊದಿ. ಹೆಚ್ಚಿನ ಒತ್ತಡಕ್ಕೆ ಫಿನ್ ಮಡಚಿ ಗಾಳಿದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಅಂಟಿದ್ದಕ್ಕೆ ಡಿಗ್ರೀಸರ್ ಬೇಕು. ಊದುವ ಮುನ್ನ ಯಂತ್ರ ನಿಲ್ಲಿಸಿ, ಮೇನ್ ಇಳಿಸಿ ಬೀಗ ಹಾಕಿ, ಸಂಪ್ ಒತ್ತಡ ಸೊನ್ನೆ ಆಗಿದೆಯೇ ಗೇಜಿನಲ್ಲಿ ನೋಡಿ. ಊದಿದ ಮರುದಿನ ಉಳಿಕೆ ಸೊನ್ನೆಗೆ ಮರಳಬೇಕು. ಅರ್ಧಕ್ಕೆ ಮಾತ್ರ ಇಳಿದರೆ ಇನ್ನೊಂದು ಕಾರಣವೂ ಇದೆ. ಪ್ರತಿ ಸಲ ಎಷ್ಟು ದಿನಕ್ಕೆ ಗೆರೆ ದಾಟುತ್ತದೆ ಎಂದು ಬರೆದಿಟ್ಟರೆ ಕೂಲರ್ ಶುಚಿ ಮಾಡುವ ಗಡುವು ಅದರಿಂದಲೇ ಸಿಗುತ್ತದೆ. ಆ ದಿನಗಳು ತೀರ ಕಡಿಮೆಯಾದರೆ ಊದುತ್ತಾ ಕೂರಬೇಡಿ. ಇನ್‌ಟೇಕನ್ನು ಪೀಲರ್‌ನ ಎದುರು ದಿಕ್ಕಿಗೆ ಡಕ್ಟ್ ಮಾಡಿಸಿ, ಮುಂದೊಂದು ಫಿಲ್ಟರ್ ಮ್ಯಾಟ್ ಹಾಕಿ.

ತಾಪ ಏರಿದಷ್ಟೂ ಆಯಿಲಿನ ಆಯುಸ್ಸು ಇಳಿಯುತ್ತದೆ. ಪ್ರತಿ 10 ಡಿಗ್ರಿಗೆ ಅರ್ಧ ಎಂಬುದು ಸ್ಥೂಲ ಲೆಕ್ಕ. 4000 ಗಂಟೆಯ ಆಯಿಲ್ ಸತತ 10 ಡಿಗ್ರಿ ಹೆಚ್ಚು ಬಿಸಿಯಲ್ಲಿ ಓಡಿದರೆ 2000ಕ್ಕೇ ಮುಗಿದಂತೆ. ಆಯಿಲ್ ಬದಲಿಸುವ ದಿನವನ್ನು ಅವರ್ ಮೀಟರ್ ಒಂದರಿಂದಲೇ ನಿರ್ಧರಿಸುವವರಿಗೆ ಏರ್‌ಎಂಡ್‌ನಲ್ಲಿ ವಾರ್ನಿಷ್ (ಸುಟ್ಟ ಆಯಿಲಿನ ಅಂಟುಪದರ) ಕಟ್ಟುವುದು ಇದರಿಂದ.

ಸೆಪರೇಟರ್‌ನ ಒಳ-ಹೊರ ಒತ್ತಡದ ವ್ಯತ್ಯಾಸ ಹೊಸದರಲ್ಲಿ 0.2 ಬಾರ್ ಆಸುಪಾಸು, 0.8ರಿಂದ 1 ಬಾರ್ ಆದರೆ ಬದಲಿಸುವ ಹೊತ್ತು. ಇಲ್ಲಿ ಮೋಸಹೋಗುವ ಒಂದು ಸಂದರ್ಭವಿದೆ: 0.6ಕ್ಕೆ ಏರಿದ್ದ ವ್ಯತ್ಯಾಸ ಒಂದೇ ದಿನದಲ್ಲಿ 0.1ಕ್ಕೆ ಇಳಿದರೆ ಅದು ಒಳ್ಳೆಯ ಸುದ್ದಿಯಲ್ಲ. ಎಲಿಮೆಂಟ್ ಹರಿದಿದೆ. ಅದೇ ವಾರ ಆಯಿಲ್ ಟಾಪ್-ಅಪ್ ಏರುತ್ತದೆ, ಆ ಆಯಿಲ್ ಸಾರ್ಟರ್‌ನಲ್ಲಿ ಗಾಳಿ ಊದುವ ಎಜೆಕ್ಟರ್‌ಗಳಿಗೆ ಸೇರುತ್ತದೆ. ಒತ್ತಡದ ವ್ಯತ್ಯಾಸ ಸರಿಯಿದ್ದೂ ಟಾಪ್-ಅಪ್ ಏರಿದರೆ ಸೆಪರೇಟರ್ ತಳದಿಂದ ಆಯಿಲ್ ಹಿಂದಕ್ಕೆ ಎಳೆಯುವ ಸ್ಕ್ಯಾವೆಂಜ್ ಪೈಪಿನ ಸಣ್ಣ ರಂಧ್ರ ಕಟ್ಟಿರುತ್ತದೆ. ಇಡೀ ಎಲಿಮೆಂಟ್ ಬದಲಿಸುವ ಮುನ್ನ ಅದನ್ನು ನೋಡಿ.

ಉತ್ಪಾದನೆ ಅಷ್ಟೇ, ಲೋಡ್ ಗಂಟೆ ಮಾತ್ರ ಏರುತ್ತಿದೆ ಎಂದರೆ ಸೋರಿಕೆ. ಭಾನುವಾರ ಎಲ್ಲ ಯಂತ್ರ ನಿಂತಿರುವಾಗ ಕಂಪ್ರೆಸರ್ ಒಂದನ್ನೇ ಓಡಿಸಿ, ಐದಾರು ಸುತ್ತು ಲೋಡ್ ಸಮಯ ಮತ್ತು ಅನ್‌ಲೋಡ್ ಸಮಯ ಬರೆಯಿರಿ. ಲೋಡ್ 40 ಸೆಕೆಂಡ್, ಅನ್‌ಲೋಡ್ 120 ಸೆಕೆಂಡ್ ಆದರೆ 40ನ್ನು 160ರಿಂದ ಭಾಗಿಸಿ: ಯಂತ್ರದ ಸಾಮರ್ಥ್ಯದ 25 ಪ್ರತಿಶತ ಸೋರಿಕೆಗೇ ಹೋಗುತ್ತಿದೆ. 7 ಬಾರ್‌ನಲ್ಲಿ 3 ಮಿಲಿಮೀಟರ್ ತೂತೊಂದು ಸೆಕೆಂಡಿಗೆ ಸುಮಾರು 11 ಲೀಟರ್ ಗಾಳಿ ಬಿಡುತ್ತದೆ. ಅದನ್ನು ತುಂಬಲು ಮೂರೂವರೆ ಕಿಲೋವ್ಯಾಟ್‌ನಷ್ಟು ಪವರ್ ಬೇಕು. ಸೋರಿಕೆ ಮುಚ್ಚಿದ ಮೇಲೂ ಲೋಡ್ ಗಂಟೆ ಇಳಿಯದಿದ್ದರೆ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ, ಇಲ್ಲವೇ ಏರ್‌ಎಂಡ್ ಸವೆದಿದೆ.

ಬೇರಿಂಗ್‌ಗೆ ಕಂಪನದ ಮೀಟರ್ ಬೇಕು. ಪ್ರತಿ ಸಲ ಅದೇ ಜಾಗಕ್ಕೆ, ಅದೇ ದಿಕ್ಕಿಗೆ ಹಿಡಿಯಲು ಪಂಚ್ ಹೊಡೆದು ಗುರುತು ಮಾಡಿ. ಗಟ್ಟಿ ಅಡಿಪಾಯದ ಈ ಗಾತ್ರದ ಮೋಟಾರಿಗೆ ಸೆಕೆಂಡಿಗೆ 2.8 ಮಿಲಿಮೀಟರ್ ದಾಟಿದರೆ ಕಣ್ಣಿಡಿ, 4.5 ದಾಟಿದರೆ ನಿಲ್ಲಿಸುವ ಯೋಚನೆ ಮಾಡಿ. ರಬ್ಬರ್ ಪ್ಯಾಡಿನ ಮೇಲಿದ್ದರೆ ಈ ಮಿತಿಗಳು 4.5 ಮತ್ತು 7.1. ಏರ್‌ಎಂಡ್‌ಗೆ ಇವನ್ನು ಹಾಗೆಯೇ ಅಂಟಿಸಬೇಡಿ, ಅದರ ಸ್ವಂತ ಬೇಸ್‌ಲೈನ್‌ಗಿಂತ ಎಷ್ಟು ಏರಿತು ಎಂಬುದನ್ನು ಹಿಂಬಾಲಿಸಿ.

ಕರೆಂಟಿನ ಕಥೆ ಬೇರೆ

ಮಳೆಗಾಳಿಗೆ ಕೊಂಬೆ ಬಿದ್ದು ಲೈನ್ ಹೋಗುವುದು ಇಲ್ಲಿ ಹೊಸತಲ್ಲ. ಸಿಲ್ವರ್ ಓಕ್ ನಡುವೆ ಹಾದು ಬರುವ ಲೈನಿನ ತುದಿಯಲ್ಲಿರುವ ಘಟಕಕ್ಕೆ ಮೂರು ಫೇಸಿನಲ್ಲೂ ಒಂದೇ ವೋಲ್ಟೇಜ್ ಬರುವುದೂ ಅಪರೂಪ. ಅಸಮತೋಲನ ಲೆಕ್ಕ ಹಾಕುವುದು ಸುಲಭ: 398, 412, 419 ಬಂದರೆ ಸರಾಸರಿ 409.7; ಅತಿ ದೂರ ಇರುವುದು 398, ಅಂತರ 11.7, ಸರಾಸರಿಗೆ ಹೋಲಿಸಿದರೆ 2.85 ಪ್ರತಿಶತ. ಮೋಟಾರಿನ ಬಿಸಿ ಏರಿಕೆ ಈ ಪ್ರತಿಶತದ ವರ್ಗದ ಎರಡರಷ್ಟು ಹೆಚ್ಚುತ್ತದೆ ಎಂಬುದು ಸ್ಥೂಲ ಸೂತ್ರ, ಅಂದರೆ ಇಲ್ಲಿ 16 ಪ್ರತಿಶತ. ಒಂದು ಫೇಸಿನ ಕರೆಂಟ್ ಮಾತ್ರ ಹೆಚ್ಚಿದ್ದರೆ ವೈಂಡಿಂಗ್ ದೋಷ ಎಂದು ನಿರ್ಧರಿಸುವ ಮುಂಚೆ ಈ ಲೆಕ್ಕ ಮಾಡಿ. ಮೂರೂ ಫೇಸನ್ನು ಒಂದೊಂದು ಮನೆ ಮುಂದಕ್ಕೆ ಸರಿಸಿ ಜೋಡಿಸಿ ನೋಡಿ, ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚಿನ ಕರೆಂಟ್ ಲೈನಿನ ಜೊತೆ ಸರಿದರೆ ದೋಷ ಸರಬರಾಜಿನದು, ಮೋಟಾರಿನ ಅದೇ ಟರ್ಮಿನಲ್‌ನಲ್ಲಿ ಉಳಿದರೆ ಮೋಟಾರಿನದು. ಅಳತೆಯ ಹಾಳೆ ಕೈಯಲ್ಲಿದ್ದರೆ ಚೆಸ್ಕಾಂ ಕಚೇರಿಯಲ್ಲಿ ಮಾತಾಡುವುದೂ ಸಲೀಸು.

ಕರೆಂಟ್ ಬಂದ ಕೂಡಲೇ ಸ್ಟಾರ್ಟ್ ಒತ್ತುವ ಆತುರ ಬೇಡ. ಸಂಪ್ ಒತ್ತಡ ಇಳಿಯುವ ಮುಂಚೆ ಎಬ್ಬಿಸಿದರೆ ಮೋಟಾರ್ ಹೊರೆ ಹೊತ್ತೇ ಏಳಬೇಕಾಗುತ್ತದೆ, ಓವರ್‌ಲೋಡ್ ಟ್ರಿಪ್ ಆಗುತ್ತದೆ. ಇಂಥ ಟ್ರಿಪ್‌ಗಳಿಗೆ ದಾಖಲೆಯಲ್ಲಿ ಬೇರೆಯೇ ಕೋಡ್ ಕೊಡಿ. ಯಂತ್ರದ ದೋಷದ ಜೊತೆ ಬೆರೆತರೆ ಮುಂದಿನ ಲೆಕ್ಕವೆಲ್ಲ ಹಾಳು.

ಹಂತ 7: ಯಾವಾಗ ಬದಲಿಸಬೇಕು? ವೈಬುಲ್ ಲೆಕ್ಕ

ಒಂದೇ ಭಾಗ ನಾಲ್ಕೈದು ಸಲ ಹೋಗಿದ್ದರೆ, ಅದು ಹೇಗೆ ಹೋಗುತ್ತದೆ ಎಂಬುದನ್ನು ವೈಬುಲ್ ಎಂಬ, ಭಾಗಗಳ ಆಯುಸ್ಸಿನ ಸಂಖ್ಯಾಶಾಸ್ತ್ರೀಯ ಲೆಕ್ಕ ಹೇಳುತ್ತದೆ. ಸೆಪರೇಟರ್ ಎಲಿಮೆಂಟ್ 2100, 2900, 3400, 3900, 4600 ಗಂಟೆಗೆ ಹೋಯಿತು ಎಂದುಕೊಳ್ಳಿ.

1. ಕಿರಿದರಿಂದ ಹಿರಿದಕ್ಕೆ ಜೋಡಿಸಿ ಕ್ರಮಸಂಖ್ಯೆ ಕೊಡಿ.
2. ಪ್ರತಿಯೊಂದಕ್ಕೂ ಕ್ರಮಸಂಖ್ಯೆಯಿಂದ 0.3 ಕಳೆದು, ಒಟ್ಟು ಸಂಖ್ಯೆಗೆ 0.4 ಕೂಡಿದ್ದರಿಂದ ಭಾಗಿಸಿ. ಐದಕ್ಕೆ 0.130, 0.315, 0.500, 0.685, 0.870 ಬರುತ್ತದೆ.
3. ಅದನ್ನು 1ರಿಂದ ಕಳೆಯಿರಿ, ನ್ಯಾಚುರಲ್ ಲಾಗ್ ತೆಗೆದು ಚಿಹ್ನೆ ಬದಲಿಸಿ, ಮತ್ತೊಮ್ಮೆ ಲಾಗ್ ತೆಗೆಯಿರಿ. ಗಂಟೆಗಳಿಗೂ ಲಾಗ್ ತೆಗೆಯಿರಿ.
4. ಎರಡು ಕಾಲಮ್‌ಗೆ ಸ್ಲೋಪ್ ಹಾಕಿದರೆ ಸಿಗುವುದು ಬೀಟಾ. ಇಲ್ಲಿ ಸುಮಾರು 3.45. ಇಂಟರ್‌ಸೆಪ್ಟ್‌ನ ಚಿಹ್ನೆ ಬದಲಿಸಿ ಬೀಟಾದಿಂದ ಭಾಗಿಸಿ ಎಕ್ಸ್‌ಪೊನೆನ್ಷಿಯಲ್ ತೆಗೆದರೆ ವಿಶಿಷ್ಟ ಆಯುಸ್ಸು (ನೂರರಲ್ಲಿ ಸುಮಾರು 63 ಹೋಗುವ ಹೊತ್ತು), ಸುಮಾರು 3765 ಗಂಟೆ.

ಬೀಟಾ 1ಕ್ಕಿಂತ ಸಾಕಷ್ಟು ಮೇಲಿದ್ದರೆ ಭಾಗ ಸವೆದು ಹೋಗುತ್ತಿದೆ, ಮುಂಚೆಯೇ ಬದಲಿಸುವುದರಲ್ಲಿ ಅರ್ಥವಿದೆ. ಹತ್ತರಲ್ಲಿ ಒಂದು ಹೋಗುವ ಹೊತ್ತು ಇಲ್ಲಿ ಸುಮಾರು 1960 ಗಂಟೆ. ಸೀಸನ್ ಶುರುವಾಗುವಾಗ ಎಲಿಮೆಂಟಿಗೆ 1500 ಗಂಟೆ ಆಗಿದ್ದು ಮುಂದೆ 1800 ಗಂಟೆಯ ಕೆಲಸ ಇದ್ದರೆ ಹಳೆಯದನ್ನು ನೆಚ್ಚಿಕೊಳ್ಳಬೇಡಿ. ಬೀಟಾ 1ರ ಸುತ್ತ ಇದ್ದರೆ ವೈಫಲ್ಯಕ್ಕೂ ವಯಸ್ಸಿಗೂ ಸಂಬಂಧವಿಲ್ಲ, ಗಡುವಿಗೆ ಬದಲಿಸಿದರೆ ಹಣ ದಂಡ. ಸಿಡಿಲಿಗೆ ಹೋಗುವ ಕಂಟ್ರೋಲರ್ ಕಾರ್ಡ್ ಈ ಜಾತಿಯದು, ಅದಕ್ಕೆ ಸರ್ಜ್ ಅರೆಸ್ಟರ್ ಹಾಕಬೇಕು. 1ಕ್ಕಿಂತ ಕಡಿಮೆ ಬಂದರೆ ಹೊಸ ಭಾಗವೇ ಬೇಗ ಹೋಗುತ್ತಿದೆ: ಜೋಡಣೆಯ ತಪ್ಪು ಅಥವಾ ನಕಲಿ ಮಾಲು.

ಕೆಡುವ ಮುನ್ನವೇ ಬದಲಿಸಿದ ಭಾಗದ ಗಂಟೆಯನ್ನು ವೈಫಲ್ಯ ಎಂದು ಈ ಪಟ್ಟಿಗೆ ಸೇರಿಸಬೇಡಿ. ಅದಕ್ಕೆ ಬೇರೆ ವಿಧಾನವಿದೆ. ಐದೇ ಅಂಕಿಯಿಂದ ಬಂದ ಉತ್ತರವಾದ್ದರಿಂದ 1960 ಎಂಬುದನ್ನು ಸುಮಾರು ಎರಡು ಸಾವಿರ ಎಂದೇ ಓದಿಕೊಳ್ಳಿ.

ಪಿಸ್ಟನ್ ಯಂತ್ರ ಇದ್ದರೆ

ಎರಡು ಹಂತದ ಪಿಸ್ಟನ್ ಕಂಪ್ರೆಸರ್‌ಗೆ ನಡುವಿನ ಇಂಟರ್‌ಕೂಲರ್‌ಗೊಂದು ಒತ್ತಡದ ಗೇಜ್ ಹಾಕಿ. ಅರ್ಧ ರೋಗ ಅದರಲ್ಲೇ ಗೊತ್ತಾಗುತ್ತದೆ. 7 ಬಾರ್ ಹೊರಡಿಸುವ ಯಂತ್ರದಲ್ಲಿ ಅದು 1.8 ಬಾರ್ ಆಸುಪಾಸು ಇರಬೇಕು. ಏರುತ್ತಾ ಹೋದರೆ ಹೈ ಪ್ರೆಷರ್ ಬದಿಯ ವಾಲ್ವ್ ಸೋರುತ್ತಿದೆ, ಇಳಿಯುತ್ತಾ ಹೋದರೆ ಲೋ ಪ್ರೆಷರ್ ಬದಿಯದು. ವಾಲ್ವ್ ಪ್ಲೇಟಿಗೆ ಮಸಿ ಹಿಡಿದಿದ್ದರೆ ಇನ್‌ಟೇಕ್ ಫಿಲ್ಟರ್ ಮತ್ತು ಆಯಿಲ್ ಗ್ರೇಡ್ ಪರೀಕ್ಷಿಸಿ.

ಮಳೆಗಾಲ: ಓಡದ ಯಂತ್ರದ ರೋಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲಸವಿಲ್ಲವೆಂದು ಮುಚ್ಚಿಟ್ಟ ಯಂತ್ರ ಸೀಸನ್ನಿನ ಮೊದಲ ತಿಂಗಳಲ್ಲೇ ಬೇರಿಂಗ್ ಬಿಡುವುದುಂಟು. ಕಾರಣ ನೀರು. ಮಡಿಕೇರಿಯಲ್ಲಿ ಜುಲೈನ ಒಂದು ದಿನ 20 ಡಿಗ್ರಿ, ತೇವಾಂಶ 95 ಪ್ರತಿಶತ ಎನ್ನಿ. ಆ ಗಾಳಿಯಲ್ಲಿ ನೀರಾವಿಯ ಒತ್ತಡ ಸುಮಾರು 22 ಮಿಲಿಬಾರ್. ಅಲ್ಲಿನ ಎತ್ತರದಲ್ಲಿ ಹೊರಗಾಳಿಯ ಒತ್ತಡವೇ 0.88 ಬಾರ್ ಆದ್ದರಿಂದ 7 ಬಾರ್‌ಗೆ ಒತ್ತಿದಾಗ ಗಾಳಿ ಸುಮಾರು 9 ಪಟ್ಟು ಅಮುಕಿದಂತೆ; ನೀರಾವಿ 200 ಮಿಲಿಬಾರ್ ಮುಟ್ಟುತ್ತದೆ, 60 ಡಿಗ್ರಿಯಲ್ಲೇ ನೀರಾಗುತ್ತದೆ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ದಿನ ಕುಶಾಲನಗರದಲ್ಲಿ 27 ಡಿಗ್ರಿ, 85 ಪ್ರತಿಶತ ಇದ್ದರೆ ಇದೇ ಲೆಕ್ಕ 66 ಡಿಗ್ರಿ ಕೊಡುತ್ತದೆ. ಡಿಸ್ಚಾರ್ಜ್ ತಾಪ ಅದಕ್ಕಿಂತ ಕೆಳಗೇ ಓಡಿದರೆ ಆ ನೀರೆಲ್ಲ ಆಯಿಲಿಗೆ ಸೇರಿ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿ, ಬೇರಿಂಗಿಗೆ ತುಕ್ಕು ಹತ್ತುತ್ತದೆ.

ಆದ್ದರಿಂದ ತಾಪ ಹೆಚ್ಚಾದದ್ದಕ್ಕೆ ಗೆರೆ ಇರುವಂತೆ ಕಡಿಮೆಯಾದದ್ದಕ್ಕೂ ಇರಲಿ. ದಿನದಲ್ಲಿ ಎಷ್ಟು ನಿಮಿಷ 75 ಡಿಗ್ರಿಗಿಂತ ಮೇಲೆ ಓಡಿತು ಎಂದು ಎಣಿಸಿ. ಮಳೆಗಾಲದಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುವುದು ಓಡಿಸದಿರುವುದಕ್ಕಿಂತ ಕೆಟ್ಟದ್ದು. ವಾರಕ್ಕೊಮ್ಮೆ ಓಡಿಸುವುದಾದರೆ ರಿಸೀವರ್ ವಾಲ್ವ್ ತುಸು ತೆರೆದು ಲೋಡ್ ಕೊಟ್ಟು, ತಾಪ 80 ಮುಟ್ಟಿದ ಮೇಲೆ ಅರ್ಧ ಗಂಟೆ ಓಡಿಸಿ. ಓಡಿಸುವ ಮುಂಚೆ, ಯಂತ್ರ ತಣ್ಣಗಿದ್ದು ಸಂಪ್ ಒತ್ತಡ ಸೊನ್ನೆ ಇರುವಾಗ, ಸಂಪ್‌ನ ಡ್ರೈನ್ ಮೆಲ್ಲಗೆ ಬಿಚ್ಚಿ; ತಳದಲ್ಲಿ ನಿಂತ ನೀರು ಮೊದಲು ಬರುತ್ತದೆ, ಆಯಿಲ್ ಕಂಡ ಕೂಡಲೇ ಮುಚ್ಚಿ. ಬಂದ ನೀರನ್ನು ಅಳೆದು ಬರೆಯಿರಿ. ವಾರದಿಂದ ವಾರಕ್ಕೆ ಅದು ಏರಿದರೆ ಓಡಿಸಿದ ಹೊತ್ತು ಸಾಲುತ್ತಿಲ್ಲ.

ಕೊಡವರ ಕೈಲ್ ಮುಹೂರ್ತ ಹಬ್ಬ ಕಳೆದು ಮಳೆ ಇಳಿದ ಮೇಲೆ, ಆಯುಧಪೂಜೆಗೆ ಯಂತ್ರ ತೊಳೆಯುವ ಹೊತ್ತಿಗೆ, ಮೋಟಾರಿಗೆ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ಹಾಕಿ. ಮೋಟಾರಿನ ವೇಗ ಬದಲಿಸುವ ಡ್ರೈವ್ ಇದ್ದರೆ ಅದರ ಕೇಬಲ್ ಬಿಚ್ಚಿಯೇ ಹಾಕಬೇಕು, ಇಲ್ಲವಾದರೆ ಡ್ರೈವ್ ಸುಟ್ಟುಹೋಗುತ್ತದೆ. 5 ಮೆಗಾಓಮ್‌ಗಿಂತ ಕಡಿಮೆ ಬಂದರೆ ಒಣಗಿಸದೆ ಸ್ಟಾರ್ಟ್ ಮಾಡಬೇಡಿ. ಟರ್ಮಿನಲ್ ಬಾಕ್ಸ್, ಕಾಂಟ್ಯಾಕ್ಟರ್‌ಗಳನ್ನು ತೆರೆದು ಇರುವೆ, ಹಲ್ಲಿ ಸೇರಿವೆಯೇ ನೋಡಿ. ಆಯಿಲ್, ಫಿಲ್ಟರ್ ಬದಲಿಸಿ ಯಂತ್ರ ಓಡಿಸಿ, ಮೊದಲ ಎರಡು ವಾರದ ಡೇಟಾದಿಂದ ಬೇಸ್‌ಲೈನ್ ಹೊಸದಾಗಿ ಕಟ್ಟಿ. ಆ ದಿನಗಳಲ್ಲಿ ಹೊರಗಾಳಿ 22 ದಾಟದಿದ್ದರೆ ಹಳೆಯ ಸೂತ್ರವನ್ನೇ ಇಟ್ಟುಕೊಂಡು ಫೆಬ್ರವರಿಯಲ್ಲಿ ತಿದ್ದಿಕೊಳ್ಳಬಹುದು. ಏರ್‌ಎಂಡ್ ಅಥವಾ ಕೂಲರ್ ಬದಲಾಗಿದ್ದರೆ ಮಾತ್ರ ಹಳೆಯದನ್ನು ಬಳಸುವಂತಿಲ್ಲ.